ಹಲಗೆಯಾಚೆಯ ಪಾಠ

"ಸ್ವಲ್ಪ ಓರೆ ಮಾಡ್ರಪ್ಪ, ಗೋಡೆಗೆ ತಾಗುತ್ತೆ," ಎನ್ನುತ್ತ ಡ್ರಿಲ್ ಮೇಷ್ಟ್ರು ಖಾಲಿ ಶವಪೆಟ್ಟಿಗೆಯನ್ನು ಮೆಟ್ಟಿಲ ತಿರುವಿನಲ್ಲಿ ಎತ್ತಿ ಹಿಡಿದರು. ಮೇಲಿನ ಮನೆಯಲ್ಲಿ ಲೆಕ್ಕದ ಮೇಷ್ಟ್ರು ಮಲಗಿದ್ದರು. ನಿನ್ನೆ ತರಗತಿಯಲ್ಲೇ ಕುರ್ಚಿಯಿಂದ ಕುಸಿದವರು ಮತ್ತೆ ಏಳಲಿಲ್ಲ.

ಪೆಟ್ಟಿಗೆಯನ್ನು ಹೊಸ್ತಿಲಲ್ಲಿ ಇಳಿಸಿದ್ದೇ ತಡ, ಸ್ಟಾಫ್ ರೂಮಿನ ಚರ್ಚೆ ಇಲ್ಲೂ ಶುರುವಾಯಿತು.

"ಪಿಂಚಣಿಗೆ ಅಂತ ಸಂಬಳದಲ್ಲಿ ಹಿಡಿಯೋದನ್ನೂ ಹೆಚ್ಚಿಸಿದ್ರು, ನಿವೃತ್ತಿನೂ ಎರಡು ವರ್ಷ ಮುಂದೆ ಹಾಕಿದ್ರು," ಎಂದರು ಡ್ರಿಲ್ ಮೇಷ್ಟ್ರು. "ಹಲ್ಲಿದ್ದಾಗ ಕಡ್ಲೆ ಇಲ್ಲ, ಕಡ್ಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ಇಲ್ಲಿ ತಿನ್ನೋರೇ ಇಲ್ಲ."

ಹೆಡ್‌ಮಾಸ್ಟರು ಕನ್ನಡಕ ಒರೆಸಿಕೊಂಡರು. "ಕಾಯಿಲೆ ಅಂತ ನನ್ನ ಕಿವಿಗೆ ಒಂದು ಮಾತು ಹಾಕಿದ್ರೆ ಸಾಕಿತ್ತು. ಡಾಕ್ಟರ ಹತ್ರ ಬರೆಸಿ, ಪೂರ್ತಿ ಪಿಂಚಣಿ ಕೊಡಿಸಿ ಮನೆಗೆ ಕಳಿಸ್ತಿದ್ದೆ."

ಡ್ರಿಲ್ ಮೇಷ್ಟ್ರು ಬಾಗಿಲ ಬಳಿ ನಿಂತಿದ್ದ ಚರಿತ್ರೆ ಟೀಚರ್ ಕಡೆ ನೋಡಿದರು. ನಿವೃತ್ತಿಗೆ ಮೊದಲೇ ಕೆಲಸ ಬಿಟ್ಟರೆ ಅರ್ಧವೇ ಪಿಂಚಣಿ, ಕಾಯಿಲೆಯವರಿಗೂ ಅಷ್ಟೇ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ನಂಬಿದ್ದರು. ಊರಿಗೆಲ್ಲ ಪಾಠ ಹೇಳುವ ಮಂದಿ, ಒಬ್ಬರೂ ನಿಯಮ ಓದಿರಲಿಲ್ಲ.

* * *

ಶಾಲೆಯಲ್ಲಿ ಅವರಿಬ್ಬರ ತರಗತಿಗಳ ನಡುವೆ ಇದ್ದದ್ದು ಮರದ ಹಲಗೆಯ ಅಡ್ಡಗೋಡೆ. ಲೆಕ್ಕದ ಮೇಷ್ಟ್ರಿಗೆ ಒಂದು ವಾಕ್ಯ ಮುಗಿಸುವಷ್ಟರಲ್ಲಿ ಉಸಿರು ಕಟ್ಟತೊಡಗಿದಾಗ ಉಪಾಯ ಹೊಳೆದದ್ದು ಪಕ್ಕದ ತರಗತಿಯ ಚರಿತ್ರೆ ಟೀಚರಿಗೆ. ತನ್ನ ಮಕ್ಕಳಿಗೆ ಬರೆಯಲು ಕೊಟ್ಟು, ಹಲಗೆಗೆ ಮುಖ ಮಾಡಿ ಅವಳು ಲೆಕ್ಕದ ಪಾಠವನ್ನು ಗಟ್ಟಿಯಾಗಿ ಹೇಳುತ್ತಿದ್ದಳು. ಆಚೆ ಅವರು ಕೂತಲ್ಲಿಂದಲೇ ಕೋಲಿನಲ್ಲಿ ಬೋರ್ಡು ತೋರಿಸುತ್ತಿದ್ದರು. ಹೆಡ್‌ಮಾಸ್ಟರು ವರಾಂಡಕ್ಕೆ ಬಂದರೆ ಮೈದಾನದಿಂದ ಡ್ರಿಲ್ ಮೇಷ್ಟ್ರ ಸೀಟಿ.

"ಟೀಚರ್, ನಿಮ್ಮ ತ್ರಿಕೋನಕ್ಕೆ ನಾಲ್ಕು ಮೂಲೆ ಬಂತು," ಎಂದು ಒಮ್ಮೆ ಆಚೆಯಿಂದ ಏದುಸಿರು ಬೆರೆತ ನಗು ಕೇಳಿತ್ತು.

"ಸುಮ್ನಿರಿ ಸರ್. ಪಿಂಚಣಿ ಬರೋವರೆಗೆ ಇರ್ಲಿ ಬಿಡಿ."

* * *

ಹೇಳದೆ ಉಳಿದರೆ ಈ ಪಾಪ ತನ್ನನ್ನು ಸುಡುತ್ತದೆ ಎನಿಸಿ, ಚರಿತ್ರೆ ಟೀಚರ್ ಒಳಗೆ ಹೋಗಿ ಲೆಕ್ಕದ ಮೇಷ್ಟ್ರ ಹೆಂಡತಿಯ ಪಕ್ಕ ಕೂತಳು.

"ಅಕ್ಕ, ಒಳ್ಳೇದಾಗ್ಲಿ ಅಂತ ನಾವೇ ಹೆಡ್‌ಮಾಸ್ಟರಿಗೆ ಹೇಳದೆ ಕಾಯಿಲೆ ಮುಚ್ಚಿಟ್ವಿ. ನಮ್ಮಿಂದ್ಲೇ ಹೋದ್ರು."

ಗಂಡನ ಮೈಮೇಲೆ ಇನ್ನೂ ಇದ್ದ ಶಾಲೆಯ ಅಂಗಿಯ ಕಡೆ ಆಕೆ ನೋಡಿದಳು.

"ನಿನ್ನೆ ಬೆಳಿಗ್ಗೆ, ಇವತ್ತು ಶಾಲೆ ಬೇಡ ಕಣೇ ಅಂದ್ರು," ಎಂದಳು. "ಇಷ್ಟು ದಿನ ತಡ್ಕೊಂಡಿದ್ದೀರಿ, ಇನ್ನು ಸ್ವಲ್ಪ ಅಂತ ನಾನೇ ಅಂಗಿ ತೊಡಿಸಿ ಕಳಿಸಿದೆ."

ಪೆಟ್ಟಿಗೆಯನ್ನು ಒಳಗೆ ತಂದರು. ದೇಹ ಎತ್ತಲು ನಾಲ್ವರು ಬಗ್ಗಿದರು.

"ಒಂದು ನಿಮಿಷ," ಎಂದು ಆಕೆ ಎದ್ದು ಬಂದು, ಗಂಡನ ಕತ್ತಿನ ಬಳಿ ಬಿಗಿಯಾಗಿದ್ದ ಗುಂಡಿ ಬಿಚ್ಚಿದಳು. ಆಮೇಲೆ ಅದರ ಕೆಳಗಿನದನ್ನೂ ಬಿಚ್ಚಿ, ಕಾಲರನ್ನು ಎರಡೂ ಕೈಯಿಂದ ಅಗಲಿಸಿ ಹಿಡಿದಳು.