ಮೂರನೇ ಭಟ್ಟಿ

ಯಾರಾದರೂ ನನ್ನನ್ನು ಬುದ್ಧಿವಂತೆ ಅಂದರೆ ನನಗೆ ಮೈ ಉರಿಯುತ್ತೆ. ಆ ಬುದ್ಧಿ ಏನು ಕಡಿದು ಕಟ್ಟೆ ಹಾಕಿತು ಅಂತ ಹೇಳಿಬಿಡ್ತೀನಿ.

ಉಗಾಂಡಾದ ಜಿಂಜಾ ಊರಲ್ಲಿ ನಾನು ಓದಿದ ಖಾಸಗಿ ವಿಶ್ವವಿದ್ಯಾಲಯ ತಿಗವಲಾನ ಅನ್ನೋ ಯಜಮಾನರದ್ದು. ಬಸ್ಸು, ಹೋಟೆಲು, ಬ್ರೆಡ್ ಬೇಕರಿ ಕೂಡ ಅವರವೇ. ಅಪ್ಪ ಆ ಬೇಕರಿಯ ಮೇಸ್ತ್ರಿ. ಎರಡನೇ ವರ್ಷ ಮ್ಯಾನೇಜೀರಿಯಲ್ ಎಕನಾಮಿಕ್ಸ್‌ನಲ್ಲಿ ಮೊದಲು ಬಂದವರಿಗೆ ಕೊನೆಯ ವರ್ಷದ ಓದು ಬಿಟ್ಟಿ. ಅದು ಸಿಗದಿದ್ದರೆ ನನ್ನ ಓದು ಅಲ್ಲಿಗೇ ಮುಗಿಯುತ್ತಿತ್ತು.

ಒಕಿರೋರ್ ಮೇಷ್ಟ್ರು ಕೊಟ್ಟ ಕೆಲಸ ಇಷ್ಟು: ಒಂದು ನಿಜವಾದ ಉದ್ಯಮ ಹಿಡಿದು, ಯಾವ ಕೆಲಸ ನಿಲ್ಲಿಸಿದರೆ ಲಾಭ ಅಂತ ಲೆಕ್ಕ ಹಾಕಿ ತೋರಿಸಿ. ನನ್ನ ಜೊತೆಯವರು ಕ್ಯಾಂಟೀನಲ್ಲಿ ಚಪಾತಿ ಮೊಟ್ಟೆ ತಿನ್ನುತ್ತಾ ಕೂತಲ್ಲೇ ಅಂಕಿ ಹುಟ್ಟಿಸಿದರು. ನಾನೊಬ್ಬಳು ಮಹಾ ಪ್ರಾಮಾಣಿಕಳು, ಪುಸ್ತಕ ಹಿಡಿದು ಅಪ್ಪನ ಮುಂದೆ ಕೂತೆ.

ಅಪ್ಪನಿಗೆ ಹಿಗ್ಗೋ ಹಿಗ್ಗು. ಹಿಟ್ಟೆಷ್ಟು, ಸೌದೆಯೆಷ್ಟು, ಅಂಗಡಿಗಳಿಂದ ವಾಪಸು ಬರೋ ಬ್ರೆಡ್ ಎಷ್ಟು, ಎಲ್ಲ ಬಾಯಲ್ಲೇ ಹೇಳಿದರು.

"ಅಪ್ಪ, ಮಧ್ಯಾಹ್ನದ ಮೂರನೇ ಭಟ್ಟಿಯಲ್ಲಿ ಬೆಂದ ಬ್ರೆಡ್ ಅರ್ಧಕ್ಕರ್ಧ ವಾಪಸು ಬರುತ್ತಲ್ಲ. ಯಾಕೆ ಹಾಕ್ತೀರಿ?"

ಅಪ್ಪ ನಕ್ಕರು. "ಹಾಕದಿದ್ರೆ ಕಾಗದ ಸುತ್ತೋ ಐದು ಹೆಂಗಸರಿಗೆ ಅರ್ಧ ದಿನದ್ದೇ ಕೂಲಿ. ಕಗೋಯಂಗೆ ನಾಲ್ಕು ಮಕ್ಕಳು. ಯಜಮಾನರು ಕೇಳಿಲ್ಲ, ನಾನು ಹೇಳಿಲ್ಲ."

ಕಗೋಯ ಅತ್ತೆ ಅಂದರೆ ಬ್ರೆಡ್ಡಿಗೆ ಕಾಗದ ಸುತ್ತೋ ಹೆಂಗಸು. ಅಮ್ಮ ಸತ್ತ ಮೇಲೆ ನನ್ನ ತಲೆ ಬಾಚಿದವಳು, ಗೆಣಸು ಬೇಯಿಸಿ ತಿನ್ನಿಸಿದವಳು. ಅದೆಲ್ಲ ಗೊತ್ತಿದ್ದೂ ನಾನು ಬರೆದೆ: ಮೂರನೇ ಭಟ್ಟಿಯಿಂದ ಬರೋದಕ್ಕಿಂತ ಅದಕ್ಕೆ ಹೋಗೋದೇ ಹೆಚ್ಚು, ನಿಲ್ಲಿಸಬೇಕು. ಮೇಷ್ಟ್ರು ಓದಿ ನಂಬರು ಕೊಟ್ಟು ಬೀರುವಿಗೆ ಹಾಕ್ತಾರೆ ಅಂದುಕೊಂಡಿದ್ದೆ. ಎಂಥ ಪೆದ್ದಿ ನಾನು.

ಮೊದಲ ಸ್ಥಾನ ಬಂತು. ಬಿಟ್ಟಿ ಓದಿನ ಬಹುಮಾನ ಕೊಡುವ ಮುಂಚೆ ಯಜಮಾನರು ಮೊದಲು ಬಂದವರ ಬರಹ ತರಿಸಿ ಓದಿದರಂತೆ. ಸೋಮವಾರ ಬೇಕರಿಯ ಬಾಗಿಲಿಗೆ ಚೀಟಿ ಅಂಟಿತ್ತು: ಮುಂದಿನ ವಾರದಿಂದ ಮೂರನೇ ಭಟ್ಟಿ ಇಲ್ಲ, ಉಳಿದೆರಡಕ್ಕೆ ಗಂಡಾಳುಗಳೇ ಸಾಕು, ಐದು ಹೆಂಗಸರೂ ಬರಬೇಕಾಗಿಲ್ಲ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನ್ನ ಬರಹ ಎದುರಿಗಿಟ್ಟುಕೊಂಡು ಬೆರಳಿಟ್ಟು ಒಂದೊಂದೇ ಸಾಲು ಕೂಡಿಸಿದರು. ಮೂರು ಸಲ ಕೂಡಿಸಿದರು.

"ಒಂದು ತಪ್ಪು ಹುಡುಕಿಕೊಡು ಮಗಳೇ. ಒಂದೇ ಒಂದು ಸಾಕು. ಹುಡುಗಿ ತಪ್ಪಿ ಬರೆದಿದ್ದಾಳೆ ಅಂತ ಹೇಳೋಣ."

"ತಪ್ಪಿಲ್ಲ ಅಪ್ಪ."

"ಹಾಗಿದ್ರೆ ಇದೆ ಅಂತ ಹೇಳು."

ಹೇಳ್ತೀನಿ ಅಂತ ಮಾತು ಕೊಟ್ಟೆ. ಮಾರನೇ ಬೆಳಿಗ್ಗೆ ಇಬ್ಬರೂ ಯಜಮಾನರ ಕೋಣೆಗೆ ಹೋದೆವು. ಕಗೋಯ ಅತ್ತೆ ಹೊರಗೆ ಮಾವಿನ ಮರದ ಕೆಳಗೆ ನಿಂತಳು.

ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದರು. "ಯಜಮಾನ್ರೇ, ಮಗು ಲೆಕ್ಕದಲ್ಲಿ ಏನೋ ಎಡವಟ್ಟು ಮಾಡಿದೆ."

ಯಜಮಾನರು ಕನ್ನಡಕ ಸರಿ ಮಾಡಿಕೊಂಡು ನನ್ನನ್ನೇ ನೋಡಿದರು. ಕೋಪವೇನೂ ಇರಲಿಲ್ಲ, ನನ್ನ ಹೆಸರು ಹಿಡಿದೇ ಕೇಳಿದರು. "ಹೌದಾ ನಂಗೋಬಿ? ತಪ್ಪಾಗಿದ್ರೆ ಇವತ್ತೇ ಚೀಟಿ ಹರಿದು ಹಾಕಿಸ್ತೀನಿ. ಆದ್ರೆ ತಪ್ಪು ಬರಹಕ್ಕೆ ಮೊದಲ ಸ್ಥಾನ ಹೇಗೆ ಕೊಡೋದು? ಎರಡನೆಯವನಿಗೆ ಕೊಡ್ತೀನಿ. ಹೇಳು, ಲೆಕ್ಕ ಸರಿನಾ, ತಪ್ಪಾ?"

ಅಪ್ಪ ನನ್ನ ಕಡೆ ತಿರುಗಲೇ ಇಲ್ಲ. ನಾನು ಹೇಳ್ತೀನಿ ಅಂತ ಅಷ್ಟು ನಂಬಿಕೆ. ಒಂದು ಮಾತು, ತಪ್ಪು ಅನ್ನೋ ಒಂದೇ ಮಾತು. ಅಷ್ಟೇ ಬೇಕಾಗಿದ್ದು.

"ಸರಿ ಇದೆ, ಯಜಮಾನ್ರೇ," ಅಂದೆ.

ಅಪ್ಪ ಕೈಯಲ್ಲಿದ್ದ ಟೋಪಿಯ ಅಂಚನ್ನು ಒಂದು ಸುತ್ತು ತಿರುಗಿಸಿದರು. ಆಮೇಲೆ, "ಸರಿಯಾಗೇ ಇರುತ್ತೆ. ಅಂಕಿ ಕೊಟ್ಟೋನು ನಾನೇ," ಅಂದರು. ಯಜಮಾನರು ಎದ್ದು ನನ್ನ ಕೈ ಕುಲುಕಿದರು.

ಹೊರಗೆ ಬಂದಾಗ ಕಗೋಯ ಅತ್ತೆ ಓಡಿ ಬಂದಳು. "ಏನಂದ್ರಣ್ಣ?"

ಅಪ್ಪ ಟೋಪಿ ಹಾಕಿಕೊಂಡರು.

"ಒಪ್ಪಲಿಲ್ಲ ಕಗೋಯ. ಇವಳು ಲೆಕ್ಕ ತಪ್ಪು ಅಂತ ಅತ್ತು ಕರೆದು ಹೇಳಿದ್ಲು. ಬಹುಮಾನವೂ ಬೇಡ ಅಂದ್ಲು. ಅವರು ಕೇಳಲಿಲ್ಲ."

ಕಗೋಯ ಅತ್ತೆ ನನ್ನ ಎರಡೂ ಕೈ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಳು. "ಬಹುಮಾನ ಯಾಕೆ ಬೇಡ ಅಂದೆ, ಹುಚ್ಚಿ? ನೀನಾದ್ರೂ ಓದು. ನಮಗೋಸ್ಕರ ಅಷ್ಟು ಹೇಳಿದ್ಯಲ್ಲ, ಸಾಕು ಬಿಡು ಕಂದ."

ನಾನು ಹೂಂ ಅಂದೆ.