ಮೂರನೆಯ ಸೀಟಿ

ಸತ್ತವನ ಮಗ ಸೋದರಮಾವನ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ. ಹೂದಾನಿ ಉರುಳಿ ಚೂರಾಯಿತು. ಮಾವನ ಮೂಗಿನ ರಕ್ತ, ಅವನು ಎದೆಗವಚಿಕೊಂಡಿದ್ದ ಅರ್ಜಿಯ ಮೇಲೆ ತೊಟ್ಟಿಕ್ಕಿತು.

"ಹೆಣದ ಮುಂದೆ ಲೆಕ್ಕ ತೆಗೀತೀಯೇನೋ? ಅಪ್ಪ ಯಾರ ಹತ್ರಾನೂ ಕೈ ಒಡ್ಡಿದವನಲ್ಲ!"

"ಭಿಕ್ಷೆ ಅಲ್ಲಪ್ಪ, ಹಕ್ಕು." ತೆರಿಗೆ ಲೆಕ್ಕ ಬರೆಯುವುದು ಮಾವನ ಕಸುಬು. "ಪಿಂಚಣಿಗೆ ಕಟ್ಟಿದ್ದಕ್ಕೆ ಎಲ್ಲರಿಗೂ ಸಿಗೋ ತೆರಿಗೆ ರಿಯಾಯಿತಿ ತಾನಾಗೇ ಸೇರುತ್ತೆ. ದೊಡ್ಡ ಸಂಬಳದವರು ಅದರ ಮೇಲೆ ಬರೋ ಹೆಚ್ಚಿನ ರಿಯಾಯಿತೀನ ಅರ್ಜಿ ಹಾಕಿ ತಾವೇ ಕೇಳ್ಬೇಕು. ಭಾವ ಕೇಳಲೇ ಇಲ್ಲ. ನಾಲ್ಕು ವರ್ಷದ ಹಿಂದಿನದ್ದಕ್ಕೆ ಇವತ್ತು ಸಂಜೆಯೇ ಗಡುವು, ಆಮೇಲೆ ಕೈ ತಪ್ಪುತ್ತೆ. ಅಕ್ಕ ಸಹಿ ಹಾಕಿದ್ರೆ ಎಲ್ಲಾ ಬರುತ್ತೆ."

ಮಾವನ ಅಕ್ಕ, ಈ ಮಗನ ತಾಯಿ, ಶವಪೆಟ್ಟಿಗೆಯ ಬಳಿ ಕುಳಿತಿದ್ದಳು. ಗಂಡನ ಉಯಿಲಿನಲ್ಲಿ ಮನೆ, ಪಿಂಚಣಿ ನಿಧಿ, ಎಲ್ಲವೂ ಮಗನಿಗೆ. 'ಮಿಕ್ಕಿದ್ದೇನಾದರೂ ಇದ್ದರೆ ಹೆಂಡತಿಗೆ.' ಶೇಷ ಉಳಿಯದಂತೆ ಭಾಗಿಸಿದ್ದೇನೆಂದು ಅವನು ನಂಬಿದ್ದ. ಕೇಳದೆ ಬಿಟ್ಟ ತೆರಿಗೆಯ ಹಣ ಅವನ ಲೆಕ್ಕಕ್ಕೆ ಬಂದಿರಲಿಲ್ಲ. ಅದು ಕೈಸೇರಿದರೆ ಅವಳು ಬೇರೊಂದು ಕೋಣೆ ಹಿಡಿಯಬಲ್ಲಳು. ಇಲ್ಲವಾದರೆ ಈ ಮಗನ ಮನೆಯೇ ಗತಿ. ಮಗನಿಗೆ ಅಪ್ಪನ ಕೈಯೇ ಬಂದಿತ್ತು.

ಸತ್ತವನು ಕಲ್ಲುಗಣಿಯ ಸಿಡಿಮದ್ದಿನ ಮುಖ್ಯಸ್ಥ; ಗಣಿಯವರ ಬಾಯಲ್ಲಿ 'ಸಿಡಿಲಪ್ಪ'. ಮಗ ಅಲ್ಲೇ ಅವನ ಕೈಕೆಳಗೆ ಪಳಗಿದವನು. ಗಣಿಯವರು ಪೆಟ್ಟಿಗೆಯ ಮೇಲೆ ಸತ್ತವನ ಹಿತ್ತಾಳೆಯ ಸೀಟಿಯನ್ನಿಟ್ಟು ಬಾಗಿಲ ಬಳಿ ನಿಂತಿದ್ದರು.

"ಸಿಡಿಲಪ್ಪ ಎಚ್ಚರಿಕೆಗೆ ಮೂರು ಸೀಟಿ ಊದದೆ ಬಂಡೆ ಸಿಡಿಸಿದ್ದೇ ಇಲ್ಲ," ಎಂದ ಬೈರಿಗೆಯಿಂದ ಬಂಡೆಗೆ ತೂತು ಕೊರೆಯುವ ಮುದುಕ. "ಮೂರನೇದು ಕೇಳಿದ್ರೆ, ಕ್ಷೌರದ ಕುರ್ಚೀಲಿ ಕೂತಿದ್ರೂ ಕೆಳಗೆ ಬಿದ್ದು ತಲೆ ಮುಚ್ಕೋತೀನಿ ಕಣಯ್ಯ."

"ಆಮೇಲೆ ಅರ್ಧ ಬೋಳಿಸಿದ ಮೀಸೇಲೇ ಎದ್ದು ಬರ್ತೀಯ ಬಿಡು," ಎಂದನೊಬ್ಬ.

ಮನೆಯಲ್ಲಿ ಸಿಡಿಲಪ್ಪ ಒಮ್ಮೆಯೂ ಸೀಟಿ ಊದಿರಲಿಲ್ಲ.

*

ಹಿಂದೊಮ್ಮೆ ಅವಳೇ ಅರ್ಜಿ ತುಂಬಿ, ಊಟದ ಮೇಜಿನ ಮೇಲೆ ಗಂಡನ ಮುಂದಿಟ್ಟಿದ್ದಳು.

"ಒಂದು ಸಹಿ ಅಷ್ಟೇ. ನಿಮ್ಮ ದುಡ್ಡು ನಿಮಗೇ ಬರುತ್ತೆ."

"ನನ್ನ ಕೈಲಿ ತಿರುಪೆ ಎತ್ತಿಸ್ತೀಯಾ?"

ಕೇಳಿದ ದನಿ ಮೃದುವಾಗಿತ್ತು. ಮೇಜಿನ ಖಾನೆಯನ್ನೂ ಮೃದುವಾಗಿಯೇ ಎಳೆದ. ಪೆನ್ನು ಬೇಕೇನೋ ಎಂದು ಅವಳು ಒಳಗೆ ಕೈಹಾಕಿದಳು. ಅವನು ಮೈಭಾರವನ್ನೆಲ್ಲ ಹಾಕಿ ಖಾನೆ ಮುಚ್ಚಿದ. ಎರಡು ಬೆರಳುಗಳು ಒಣಕಡ್ಡಿಯಂತೆ ಲಟಕ್ಕೆಂದವು.

ಆಮೇಲೆ ಕುಳಿತು ಊಟ ಮುಗಿಸಿದ.

*

ಮಗ ಮಾವನ ಹೊಟ್ಟೆಗೆ ಮೊಣಕಾಲಿನಿಂದ ಗುದ್ದಿದ. ಮಾವ ಮಡಿಚಿಕೊಂಡು ಬಿದ್ದರೂ ಅರ್ಜಿ ಬಿಡಲಿಲ್ಲ. ಅಕ್ಕನ ಕಡೆಗೆ ಅದನ್ನು ನೆಲದ ಮೇಲೆ ಜಾರಿಸಿದ. ಅವಳು ಎತ್ತಿಕೊಂಡಳು.

"ಸಹಿ ಹಾಕಿದ್ರೆ ಕೈ ಮುರೀತೀನಿ, ಅಮ್ಮ."

"ಅದು ಆಗಲೇ ಮುರಿದಿದೆ ಕಣೋ."

ಮಗ ಕೈಯೆತ್ತಿ ಬಂದ. ಅವಳು ಪೆಟ್ಟಿಗೆಯ ಮೇಲಿನ ಸೀಟಿಯನ್ನು ಬಾಯಿಗಿಟ್ಟು ಊದಿದಳು. ಮಗನ ಹೆಜ್ಜೆ ತಡೆಯಿತು. ಮತ್ತೆ ಊದಿದಳು. ಗಣಿಯವರು ಗೋಡೆಗೆ ಸರಿದರು. ಮೂರನೆಯ ಸೀಟಿಗೆ ಮುದುಕ ದೊಪ್ಪನೆ ನೆಲಕ್ಕೆ ಬಿದ್ದ; ಉಳಿದವರೂ ಬಿದ್ದರು. ಮಗ ಎತ್ತಿದ್ದ ಕೈ ತನ್ನ ತಲೆಯನ್ನೇ ಮುಚ್ಚಿಕೊಂಡಿತು. ಅವನು ಮಂಡಿಯ ನಡುವೆ ಮುಖವಿಟ್ಟು ಪೆಟ್ಟಿಗೆಯ ಪಕ್ಕದಲ್ಲಿ ಮುದುಡಿದ.

ಅವಳು ರಕ್ತದ ಕಲೆಯ ಅರ್ಜಿಯನ್ನು ಪೆಟ್ಟಿಗೆಯ ಮುಚ್ಚಳದ ಮೇಲೆ ಹರಡಿದಳು. ಸೊಟ್ಟ ಬೆರಳುಗಳ ನಡುವೆ ಪೆನ್ನು ಸಿಕ್ಕಿಸಿ, ಒಂದೊಂದೇ ಅಕ್ಷರ ಬರೆಯತೊಡಗಿದಳು. ಹಲ್ಲುಗಳ ನಡುವೆ ಇನ್ನೂ ಇದ್ದ ಸೀಟಿ ಅವಳ ಉಸಿರಿಗೆ ಮೆಲ್ಲಗೆ ಸಿಳ್ಳಿಡುತ್ತಿತ್ತು. ಯಾರೂ ತಲೆಯೆತ್ತಲಿಲ್ಲ.