ದೀವ್‌ಗೆ ಇಬ್ಬರೇ

ಮದುವೆಯಾದ ಇಷ್ಟು ವರ್ಷಗಳಲ್ಲಿ ಪದ್ಮಾವತಿಬಾಯಿ ಗಂಡನಲ್ಲಿ ಏನನ್ನಾದರೂ ಕೇಳಿದ್ದು ಕಡಿಮೆ. ಕೇಳಿದ್ದನ್ನು ಎರಡನೆಯ ಸಲ ಕೇಳಿದ್ದು ಇನ್ನೂ ಕಡಿಮೆ. ಆದ್ದರಿಂದ ನವೆಂಬರಿನ ಒಂದು ಬೆಳಿಗ್ಗೆ, ವಡೋದರಾದ ಗೋರ್ವಾ ಬಡಾವಣೆಯ ಮನೆಯ ಬಾಲ್ಕನಿಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತ ಆಕೆ ಆಡಿದ ಮಾತನ್ನು ಭೀಮಸೇನರಾಯರು ಹಗುರವಾಗಿ ತೆಗೆದುಕೊಳ್ಳಲಿಲ್ಲ.

"ಸಮುದ್ರದ ದಂಡಿಗೆ ನಿಮ್ಮ ಜೋಡಿ ಒಮ್ಮೆ ಸುಮ್ಮನ ಕೂಡಬೇಕು ಅನಸ್ತದರಿ. ನಾವಿಬ್ರ. ಯಾರಿಗೂ ಅಡಗಿ ಮಾಡೂದಿಲ್ಲ, ಯಾವ ಗುಡಿ ಪಾಳೇದಾಗೂ ನಿಂದರೂದಿಲ್ಲ."

ಈ ಬೇಡಿಕೆಗೆ ಕಾರಣವಿತ್ತು. ಧಾರವಾಡ ಬಿಟ್ಟು, ವಿಮಾ ಕಚೇರಿಯ ವರ್ಗಾವಣೆಗಳ ಹಿಂದೆ ಸೂರತ್, ಅಹಮದಾಬಾದ್, ವಡೋದರಾ ಎಂದು ಸಾಗಿದ ಆ ಸಂಸಾರದಲ್ಲಿ ಪ್ರವಾಸವೆಂದರೆ ಯಾತ್ರೆ, ಯಾತ್ರೆಯೆಂದರೆ ಬಳಗ. ಮದುವೆಯಾದ ಹೊಸದರಲ್ಲಿ ಮಂತ್ರಾಲಯಕ್ಕೆ ಹೋದಾಗಲೂ ಅತ್ತೆ, ನಾದಿನಿಯರು, ಅತ್ತೆಯ ಅಕ್ಕ ಜೊತೆಗಿದ್ದರು. ಗಂಡಹೆಂಡತಿ ಪರಸ್ಪರ ಮಾತಾಡಿದ್ದು ಬಸ್ಸಿನ ಕಿಟಕಿ ಮುಚ್ಚುವ ವಿಷಯದಲ್ಲಿ ಮಾತ್ರ.

ರಾಯರು ವಿಚಾರ ಮಾಡಿ ಒಪ್ಪಿದರು. ಒಪ್ಪಿದ ಕೆಲಸವನ್ನು ಅರೆಮನಸ್ಸಿನಿಂದ ಮಾಡುವುದು ಅವರ ಪದ್ಧತಿಯಲ್ಲ. ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿದ್ದ ಮಗಳು ವಿಂಧ್ಯಾ, ದೀವ್ ಪಟ್ಟಣದ ಹೆಸರು ಹೇಳಿದಳು: ಚಳಿಗಾಲದಲ್ಲೂ ಒಳ್ಳೆಯ ಬಿಸಿಲು, ಶಾಂತವಾದ ಕಡಲು, ವಡೋದರಾದಿಂದ ರಾತ್ರಿಯ ಬಸ್ಸು. ರಾಯರು ಪಂಚಾಂಗ ನೋಡಿ ಏಕಾದಶಿ ಬಾರದ ದಿನಗಳನ್ನು ಆರಿಸಿದರು. ಬಳಿಕ ನಕ್ಷೆಯನ್ನು ಪರೀಕ್ಷಿಸಿ, ಸೂರ್ಯ ಮುಳುಗುವ ಕಡೆಗೆ ಬಾಲ್ಕನಿಯಿರುವ ಕೋಣೆಯನ್ನೇ ಹಿಡಿಯುವಂತೆ ಮಗಳಿಗೆ ತಿಳಿಸಿದರು. ಅಪ್ಪ ಹನಿಮೂನಿಗೆ ಹೊರಟಂತಿದೆ ಎಂದು ಅವಳು ಕೆಣಕಿದಾಗ, ರಾಯರು ಫೋನನ್ನು ಹೆಂಡತಿಯ ಕೈಗಿತ್ತರು. ಪದ್ಮಾವತಿಬಾಯಿ ಮರಳಿನಲ್ಲಿ ನಡೆಯಲೆಂದು ಮಂಗಳ ಬಜಾರಿನಿಂದ ನೀಲಿ ಬಣ್ಣದ ರಬ್ಬರ್ ಚಪ್ಪಲಿ ತಂದು, ಚೀಲ ಬಿಚ್ಚದೆ ಮಂಚದ ಕೆಳಗಿಟ್ಟರು.

ತಪ್ಪು ನಡೆದದ್ದು ಭಾನುವಾರ, ಕನ್ನಡ ಬಳಗದ ಉಪಾಹಾರದಲ್ಲಿ. ಮಕರಪುರದ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿ ನಿವೃತ್ತರಾಗಿದ್ದ ಮಂಡ್ಯದ ಕೆಂಪಣ್ಣ, ಬಳಗದ ಡಿಸೆಂಬರಿನ ಕಾರ್ಯಕ್ರಮ ತಪ್ಪಿಸಿಕೊಂಡು ರಾಯರು ಎಲ್ಲಿಗೆ ಹೊರಟಿದ್ದಾರೆಂದು ಎಲ್ಲರೆದುರು ಕೇಳಿದರು. ದೀವ್ ಎಂಬ ಹೆಸರು ರಾಯರ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಗುಜರಾತಿನಲ್ಲಿ ಪಾನನಿಷೇಧವಿದೆ, ಗಡಿ ದಾಟಿದರೆ ಸಿಗುವ ದೀವ್‌ನಲ್ಲಿ ಇಲ್ಲ. ಅಲ್ಲಿಗೆ ಹೋಗುತ್ತೇನೆಂದವನನ್ನು ಕಂಡರೆ ಜನ ಹೆಬ್ಬೆರಳನ್ನು ತುಟಿಯ ಕಡೆಗೆ ಎತ್ತಿ ನಗುತ್ತಾರೆ. ಏಕಾದಶಿಯಂದು ನೀರನ್ನೂ ಮುಟ್ಟದ ಮನುಷ್ಯ ಆ ನಗೆಯನ್ನು ಎದುರಿಸಲಾರದೆ, ಸೋಮನಾಥಕ್ಕೆ ಎಂದುಬಿಟ್ಟರು. ಅದೂ ಅದೇ ಕರಾವಳಿಯಲ್ಲಿದೆ ಎಂಬುದಷ್ಟೇ ಅವರ ಸಮಾಧಾನ.

"ಒಳ್ಳೇದಾಯ್ತು ಬುಡಿ ರಾಯರೇ, ನಾವೂ ಬತ್ತೀವಿ," ಎಂದರು ಕೆಂಪಣ್ಣ. "ನಮ್ ಗಿರಿಜಾ ಹರಕೆ ಹೊತ್ಕೊಂಡು ಕಾಯ್ತಾವ್ಳೆ."

ಸಮುದ್ರಸ್ನಾನಕ್ಕೆ ಬರುತ್ತೇನೆಂದವರಿಗೆ ಬೇಡ ಎನ್ನಬಹುದು. ದೇವರ ದರ್ಶನಕ್ಕೆ ಬರುತ್ತೇನೆಂದವರಿಗೆ ಬೇಡವೆನ್ನುವ ರೂಢಿ ನಮ್ಮಲ್ಲಿಲ್ಲ. ಸಂಜೆಯೊಳಗೆ ವಾಟ್ಸ್‌ಆ್ಯಪ್‌ನಲ್ಲಿ ಯಾತ್ರೆಯ ಗುಂಪು ಹುಟ್ಟಿತು, ಟೆಂಪೋ ಟ್ರಾವೆಲರ್ ಗೊತ್ತಾಯಿತು, ಹಿಂದಿನ ಸೀಟಿನಲ್ಲಿ ಯಾರು ಕೂಡಬೇಕೆಂಬ ವಿವಾದವೂ ಆರಂಭವಾಯಿತು. ಯಾತ್ರೆಯ ಮುಖಂಡರು ರಾಯರೇ ಎಂಬುದರಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಪದ್ಮಾವತಿಬಾಯಿ ಗಂಡನನ್ನು ಬೈಯಲಿಲ್ಲ. ಸ್ಟೂಲು ಹತ್ತಿ ಅಟ್ಟದ ಮೇಲಿನ ದೊಡ್ಡ ಸ್ಟೀಲಿನ ಡಬ್ಬಿಯನ್ನು ಇಳಿಸಿದರು. ಪ್ರತಿ ಯಾತ್ರೆಯಲ್ಲೂ ಬಳಗಕ್ಕೆಲ್ಲ ಚಪಾತಿ ಹೊತ್ತ ಡಬ್ಬಿ ಅದು. ಅದನ್ನು ತೊಳೆದು ಬಾಲ್ಕನಿಯಲ್ಲಿ ಬೋರಲು ಹಾಕಿ, ಒಟ್ಟು ಎಷ್ಟು ಮಂದಿ ಆಗುತ್ತಾರೆಂದು ಕೇಳಿದರು. ಕೈ ಒರೆಸಿಕೊಂಡು, ಚಪ್ಪಲಿಯನ್ನು ಅಂಗಡಿಯವನು ಮರಳಿ ತೆಗೆದುಕೊಳ್ಳಬಹುದೇ ಎಂದೂ ಕೇಳಿದರು.

ಮಾರನೆಯ ಸಂಜೆ ಕೆಂಪಣ್ಣನವರ ಮನೆಯಲ್ಲಿ ಯಾತ್ರೆಯ ಸಭೆ. ಹೊರಡುವಾಗ ರಾಯರು ಆ ಡಬ್ಬಿಯನ್ನು ತಾವೇ ಎತ್ತಿಕೊಂಡರು. ಹೆಂಡತಿ ಹಿಂದೆ ನಡೆದರು. ಅಲ್ಲಿ ಕೆಂಪಣ್ಣನವರ ಹೆಂಡತಿ ಗಿರಿಜಮ್ಮ ಎಲ್ಲರಿಗೂ ಕಾಫಿ ಕೊಟ್ಟರು. ರಾಯರು ಲೋಟ ಮುಟ್ಟದೆ, ನಿಂತುಕೊಂಡೇ ಹೇಳಿದರು:

"ನಾ ನಿಮಗ ಸುಳ್ಳು ಹೇಳೀನಿ. ನಾವು ಸೋಮನಾಥಕ್ಕ ಹೊಂಟಿಲ್ಲ, ದೀವ್‌ಗೆ ಹೊಂಟೀವಿ. ಈಕಿಗೆ ಸಮುದ್ರದ ದಂಡಿಗೆ ಕೂಡೂದದ. ನನಗ ಈಕಿ ಜೋಡಿ ಕೂಡೂದದ. ಅದಕ್ಕ ನಾವಿಬ್ರ ಹೋಗ್ತೀವಿ."

ಪದ್ಮಾವತಿಬಾಯಿ ಸೆರಗಿನ ಅಂಚನ್ನು ನೋಡುತ್ತ ಕುಳಿತಿದ್ದರು. ಕೆಂಪಣ್ಣನವರ ಹೆಬ್ಬೆರಳು ತಾನಾಗಿ ತುಟಿಯತ್ತ ಏಳತೊಡಗಿತು.

"ರಾಯರೇ, ಬರೋವಾಗ ನಮ್ಗೂ ಒಂದು..."

"ಸುಮ್ಕಿರಿ ಸಾಕು," ಎಂದರು ಗಿರಿಜಮ್ಮ. "ಒಂದಿನಾನಾದ್ರೂ ನನ್ನ ಹಿಂಗೆ ಕರ್ಕೊಂಡೋಗಿದ್ದೀರಾ? ಕಮಾಟಿಬಾಗ್ ಪಾರ್ಕ್‌ಗೆ ಹೋದ್ರೂ ಹಿಂದೆ ಫ್ಯಾಕ್ಟ್ರಿಯೋರ್ನೆಲ್ಲ ಕಟ್ಕೊಂಡ್ ಬತ್ತಿದ್ರಿ."

ಹೆಬ್ಬೆರಳು ಕೆಳಗಿಳಿಯಿತು. ರಾಯರು ಹೆದರಿದ್ದ ನಗೆ ಎದ್ದಿತಾದರೂ ಅದು ಕೆಂಪಣ್ಣನವರ ಕಡೆಗೆ ತಿರುಗಿತ್ತು. ಗಾಡಿ ಗೊತ್ತಾಗಿರುವುದರಿಂದ ಯಾತ್ರೆ ಅದೇ ದಿನಗಳಲ್ಲಿ ನಡೆಯಲಿ, ಮುಖಂಡತ್ವ ಕೆಂಪಣ್ಣನವರಿಗೆ ಇರಲಿ ಎಂದು ತೀರ್ಮಾನವಾಯಿತು. ರಾಯರು ಡಬ್ಬಿಯನ್ನು ಗಿರಿಜಮ್ಮನವರ ಮುಂದಿಟ್ಟು, ಆಮೇಲೆ ಕಾಫಿ ಕುಡಿದರು.

ಮರಳುವ ದಾರಿಯಲ್ಲಿ ಪದ್ಮಾವತಿಬಾಯಿ ಕೇಳಿದರು:

"ಬರೂ ಮುಂದ ಸೋಮನಾಥನ ದರ್ಶನ ತಗೊಂಡ ಬರೂಣಲ್ರಿ? ಅವನ ಹೆಸರಿನ್ಯಾಗ ಸುಳ್ಳು ಹೇಳೀರಿ."

ರಾಯರು ದಿನಗಳನ್ನು ಮನಸ್ಸಿನಲ್ಲೇ ತಾಳೆ ನೋಡಿದರು.

"ಬ್ಯಾಡ. ಅಲ್ಲೆ ಕೆಂಪಣ್ಣ ಇರ್ತಾರ."

ಪದ್ಮಾವತಿಬಾಯಿ ರಸ್ತೆಯಲ್ಲೇ ನಿಂತು ನಕ್ಕರು. ಮನೆಗೆ ಬಂದ ಮೇಲೆ ಮಂಚದ ಕೆಳಗಿನ ಚೀಲ ಬಿಚ್ಚಿ, ನೀಲಿ ಚಪ್ಪಲಿ ಮೆಟ್ಟಿಕೊಂಡು, ಅಡುಗೆಮನೆಯಿಂದ ಬಾಲ್ಕನಿಯವರೆಗೆ ನಡೆದು ನೋಡಿದರು. ರಾಯರು ಪತ್ರಿಕೆಯಿಂದ ತಲೆ ಎತ್ತಿದರು. ಮನೆಯೊಳಗೆ ಚಪ್ಪಲಿ ಏಕೆಂದು ಕೇಳಲಿಲ್ಲ.